ಪಹಣಿ ಕೇಳುವ ಪರವಾನಗಿ ಬರೆಯನ್ನು ಯಾಕೆ ಕೇಳುವುದಿಲ್ಲ? ಕೊಡಗಿನಲ್ಲಿ ಮನೆ ಕಟ್ಟುವ ಕಾಗದದ ಕಥೆ

ಕೊಡಗಿನಲ್ಲಿ ಮನೆ ಕಟ್ಟುವವರ ವರ್ಷಕ್ಕೆ ಹನ್ನೆರಡು ತಿಂಗಳಿಲ್ಲ. ಪುತ್ತರಿ ಹಬ್ಬ ಕಳೆದು ಮಣ್ಣು ಸ್ವಲ್ಪ ಗಟ್ಟಿಯಾಗುವಾಗ ಡಿಸೆಂಬರ್ ಬಂದಿರುತ್ತದೆ. ಆಗ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವಾಗ ರೋಬಸ್ಟಾ ಹಣ್ಣಾಗುತ್ತದೆ, ಫೆಬ್ರವರಿ ಮುಗಿಯುವ ತನಕ ಗಾರೆ ಕೆಲಸಕ್ಕೆ ಆಳು ಸಿಕ್ಕರೆ ಪುಣ್ಯ. ಮಾರ್ಚ್‌ನಲ್ಲಿ ಹೂಮಳೆ, ಮೇ ಕೊನೆಗೆ ಮುಂಗಾರಿನ ಮೋಡ. ಮಣ್ಣಿನ ಕೆಲಸ, ಅಡಿಪಾಯ, ತಡೆಗೋಡೆ ಎಲ್ಲವನ್ನೂ ಮುಗಿಸಲು ಕೈಗೆ ಉಳಿಯುವುದು ಹೆಚ್ಚೆಂದರೆ ನಾಲ್ಕು ತಿಂಗಳು.

ಈ ಲೆಕ್ಕದೊಳಗೆ ಪರವಾನಗಿ ಮೂರು ತಿಂಗಳು ತಡವಾದರೆ ಏನಾಗುತ್ತದೆ ನೋಡಿ. ಡಿಸೆಂಬರಿನಲ್ಲಿ ಬರಬೇಕಾದ ಕಾಗದ ಮಾರ್ಚ್‌ನಲ್ಲಿ ಬರುತ್ತದೆ. ಏಪ್ರಿಲ್‌ನಲ್ಲಿ ಜೆಸಿಬಿ ಸಿಗುತ್ತದೆ. ಬೆಟ್ಟದ ಬುಡ ಕಡಿದು ಮನೆಗೆ ತಟ್ಟು ಮಾಡಿ, ತೆಗೆದ ಮಣ್ಣನ್ನು ಕೆಳಗಿನ ಅಂಚಿಗೆ ತಳ್ಳಿ, ಪಿಲ್ಲರ್ ಎಬ್ಬಿಸುವಷ್ಟರಲ್ಲಿ ದುಡ್ಡೂ ಮುಗಿದಿರುತ್ತದೆ, ಮೇ ತಿಂಗಳೂ ಮುಗಿದಿರುತ್ತದೆ. ಹಿಂದಿನ ಬರೆಗೆ, ಅಂದರೆ ಕಡಿದು ನಿಲ್ಲಿಸಿದ ಗುಡ್ಡದ ಮಗ್ಗುಲಿಗೆ, ಕಟ್ಟಬೇಕಾದ ತಡೆಗೋಡೆ ಮುಂದಿನ ವರ್ಷಕ್ಕೆ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಕಡೆ, ಹುಲ್ಲೂ ಹುಟ್ಟದ ಆ ಹಸಿ ಬರೆಯ ಮೇಲೆ ಜೂನ್ ತಿಂಗಳು ಹಾಗೇ ಬಂದು ಬೀಳುತ್ತದೆ. ಕಚೇರಿಯ ಮೇಜಿನ ಮೇಲಿನ ತಡ ಕೊನೆಗೆ ಇಳಿಯುವುದು ಮನೆಯ ಹಿಂದಿನ ಮಣ್ಣಿನ ಮೇಲೆ.

ನಮ್ಮ ಮನೆಗೆ ಅಡಿಪಾಯ ಹಾಕಿದ ವರ್ಷ ನಾನಿದನ್ನು ಅನುಭವಿಸಿ ತಿಳಿದೆ. ಕಡತದಲ್ಲಿ ಹದಿನಾರು ಕಾಗದಗಳಿದ್ದವು. ಒಂದು ಮನೆಯ ನಕ್ಷೆ. ಉಳಿದವೆಲ್ಲ ಈ ಜಾಗ ಯಾರದು, ಹಿಂದೆ ಯಾರದಾಗಿತ್ತು, ಕಂದಾಯ ಕಟ್ಟಿದೆಯೇ, ಪಾಲುದಾರರು ಒಪ್ಪಿದ್ದಾರೆಯೇ ಎನ್ನುವವು. ಬೆಟ್ಟ ಎಷ್ಟು ಕಡಿದಾಗಿದೆ, ಎಷ್ಟು ಅಡಿ ಅಗೆಯುತ್ತೀರಿ, ಆಷಾಢದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಹಾಳೆಯೂ ಹೇಳುತ್ತಿರಲಿಲ್ಲ. ಯಾರೂ ಕೇಳಲೂ ಇಲ್ಲ. ಆ ಕಚೇರಿಯವರು ಕೆಟ್ಟವರೆಂದು ನನಗೆ ಅನಿಸಲಿಲ್ಲ. ಅವರ ಮುಂದಿದ್ದ ನಮೂನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಜಾಗ ಯಾವ ಬಗೆಯದು

ಪರವಾನಗಿ ಕೊಡುವವರು ಯಾರು ಎಂಬುದರಲ್ಲಿ ಗೊಂದಲ ಕಡಿಮೆ. ಹಳ್ಳಿಯಾದರೆ ಗ್ರಾಮ ಪಂಚಾಯಿತಿ. ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣದ ಪ್ರಕಾರ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಮನೆ ಕಟ್ಟುವಂತಿಲ್ಲ, ಹಳೆಯದಕ್ಕೆ ಕೋಣೆ ಸೇರಿಸುವಂತೆಯೂ ಇಲ್ಲ. ಮಡಿಕೇರಿಯಲ್ಲಿ ನಗರಸಭೆ, ವಿರಾಜಪೇಟೆ ಮತ್ತು ಕುಶಾಲನಗರದಲ್ಲಿ ಪುರಸಭೆ, ಸೋಮವಾರಪೇಟೆಯಲ್ಲಿ ಪಟ್ಟಣ ಪಂಚಾಯಿತಿ. ಯೋಜನಾ ಪ್ರದೇಶದೊಳಗಿದ್ದರೆ ಜಾಗದ ವಿನ್ಯಾಸಕ್ಕೆ ಮೊದಲು ಪ್ರಾಧಿಕಾರದ ಮುದ್ರೆ ಬೇಕು. ಮಡಿಕೇರಿಯವರು ‘ಮೂಡಾ’ ಎನ್ನುವ ನಗರಾಭಿವೃದ್ಧಿ ಪ್ರಾಧಿಕಾರ ಇದೇ ಕೆಲಸದ್ದು. ಬಡಾವಣೆಯಲ್ಲದ ಒಂಟಿ ಜಾಗಕ್ಕೂ ಏಕ ನಿವೇಶನ ಅನುಮೋದನೆ ಎಂಬುದೊಂದಿದೆ, ಅದಕ್ಕೆ ಅಲೆದವರ ಚಪ್ಪಲಿ ಸವೆದದ್ದು ಊರಿಗೆಲ್ಲ ಗೊತ್ತು.

ಕಷ್ಟವೆಲ್ಲ ಅರ್ಜಿಗಿಂತ ಹಿಂದಿನದು, ಜಾಗದ್ದು. ಗ್ರಾಮಠಾಣದೊಳಗಿನ ಮನೆಜಾಗವಾದರೆ ಹೆಚ್ಚು ತೊಂದರೆಯಿಲ್ಲ. ಕೃಷಿ ಜಮೀನಾದರೆ ಭೂಕಂದಾಯ ಅಧಿನಿಯಮ 1964ರ 95ನೇ ಪ್ರಕರಣದಂತೆ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕು. ಆಮೇಲೆ ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11. ಪರಿವರ್ತನೆ ಇಲ್ಲದ ಜಾಗಕ್ಕೆ ಸಿಗುವ 11-ಬಿ ತೆರಿಗೆ ಕಟ್ಟಲಿಕ್ಕಾಯಿತು, ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಅದರ ತೂಕ ಕಡಿಮೆ.

ಬಯಲುಸೀಮೆಯ ರೈತನಿಗೂ ಇದೇ ದಾರಿ ನಿಜ. ಆದರೆ ಕೊಡಗಿನ ಪಹಣಿಯೇ ಬೇರೆ ಬಗೆಯದು. ಜಮ್ಮಾ, ಉಂಬಳಿ, ಸಾಗು, ಬಾಣೆ, ಪೈಸಾರಿ ಎಂಬ ಮಾತುಗಳಿಗೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಅರ್ಥ ಹೇಳಿಕೊಡಬೇಕಾಗುತ್ತದೆ. ಹಾಲೇರಿ ಅರಸರ ಕಾಲದಿಂದ ಸೇವೆಯ ಋಣಕ್ಕೆ ಕಡಿಮೆ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ಬಂದದ್ದು ಜಮ್ಮಾ ಗದ್ದೆ. ಆ ಗದ್ದೆಗೆ ಸೊಪ್ಪು, ಸೌದೆ, ಮೇವಿಗೆಂದು ಅಂಟಿಕೊಂಡ ಗುಡ್ಡದ ಭಾಗ ಬಾಣೆ. ಇಂದು ಕಾಫಿ ಬೆಳೆಯುತ್ತಿರುವುದು ಬಹಳಷ್ಟು ಆ ಬಾಣೆಗಳಲ್ಲಿ, ಹೊಸ ಮನೆಗಳು ಏಳುತ್ತಿರುವುದೂ ಅಲ್ಲೇ. ಹಿಡುವಳಿದಾರರ ಹಕ್ಕನ್ನು ಗಟ್ಟಿ ಮಾಡಲೆಂದು 2011ರಲ್ಲಿ ಭೂಕಂದಾಯ ಅಧಿನಿಯಮಕ್ಕೆ ತಿದ್ದುಪಡಿ ಬಂತು. ಪಹಣಿ ಮಾತ್ರ ಇನ್ನೂ ಎಷ್ಟೋ ಕಡೆ ಒಕ್ಕದ, ಅಂದರೆ ಮನೆತನದ, ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ, ಅದರ ಕೆಳಗೆ ಹತ್ತಾರು ಪಾಲುದಾರರ ಹೆಸರುಗಳೊಡನೆ, ಅವರಲ್ಲಿ ತೀರಿಹೋದವರೂ ಸೇರಿ, ಹಾಗೇ ಇದೆ.

ಇಂಥ ಒಕ್ಕದ ಒಬ್ಬ ತಮ್ಮನನ್ನು ಕಲ್ಪಿಸಿಕೊಳ್ಳಿ. ಅವನು ಮೂವತ್ತು ವರ್ಷದಿಂದ ಸಾಗುವಳಿ ಮಾಡುತ್ತಿರುವ ತೋಟದ ಮೂಲೆಯಲ್ಲಿ ಹತ್ತು ಸೆಂಟ್‌ನಲ್ಲಿ ಮನೆ ಕಟ್ಟಬೇಕು. ಪರಿವರ್ತನೆಗೆ ಅವನ ಹೆಸರಿನ ಪಹಣಿ ಬೇಕು. ಪಹಣಿಗೆ ವಿಭಾಗ ಪತ್ರ ಬೇಕು. ವಿಭಾಗಕ್ಕೆ 11-ಇ ನಕ್ಷೆ ಬೇಕು, ಅದಕ್ಕೆ ಭೂಮಾಪಕರು ಬರಬೇಕು. ಎಲ್ಲ ಪಾಲುದಾರರೂ ಸಹಿ ಹಾಕಬೇಕು: ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಸೈನ್ಯದಲ್ಲಿ, ಒಬ್ಬರು ದುಬೈನಲ್ಲಿ, ಇನ್ನೊಬ್ಬರು ಅಣ್ಣನೊಡನೆ ಮಾತು ಬಿಟ್ಟು ಹನ್ನೆರಡು ವರ್ಷ. ಅವನ ಹಕ್ಕಿನ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನ ಇರುವುದು ಕಾಗದಕ್ಕೆ ಮಾತ್ರ.

ಅವನಿಗೆ ಎರಡು ಸಣ್ಣ ಬಾಗಿಲುಗಳಿವೆ, ಗೊತ್ತಿರಲಿ ಎಂದು ಹೇಳುತ್ತೇನೆ. 95ನೇ ಪ್ರಕರಣವೇ ಕೃಷಿಕ ತನ್ನ ಹಿಡುವಳಿಯಲ್ಲಿ ಪರಿವರ್ತನೆಯಿಲ್ಲದೆ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ; ಹಿಡುವಳಿಯ ಶೇಕಡ 10ರೊಳಗೆ, ನಿಯಮದಲ್ಲಿ ಹೇಳಿದ ಮಿತಿಗೆ ಒಳಪಟ್ಟು. ಎರಡನೆಯದು, 64ನೇ ಪ್ರಕರಣದಲ್ಲಿ ಪಂಚಾಯಿತಿ 60 ದಿನಗಳೊಳಗೆ ಹೌದು ಅಥವಾ ಇಲ್ಲ ಎನ್ನದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಿ ಕೆಲಸ ಶುರು ಮಾಡಬಹುದು. ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ತೆಗೆದುಕೊಳ್ಳುವುದು ಬಹಳ ಮುಖ್ಯ. ಸ್ವೀಕೃತಿ ಇಲ್ಲದವನಿಗೆ 60 ದಿನದ ಲೆಕ್ಕವೇ ಶುರುವಾಗುವುದಿಲ್ಲ. ಆದರೆ ‘ಭಾವಿಸಿದ’ ಅನುಮತಿಗೆ ಮುದ್ರೆ ಇರುವುದಿಲ್ಲ, ಮುದ್ರೆ ಇಲ್ಲದ್ದಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಕೊನೆಗೆ ಆ ತಮ್ಮ ತನ್ನ ಹೆಂಡತಿಯ ಒಡವೆ ಅಡವಿಟ್ಟು ಕಟ್ಟಲು ಶುರು ಮಾಡುತ್ತಾನೆ.

ಇಲ್ಲಿಂದ ಮುಂದೆ ಅವನು ವ್ಯವಸ್ಥೆಯ ಕಣ್ಣಿಗೆ ಬೀಳದವನು. ಪರವಾನಗಿ ಇಲ್ಲ, ಹಾಗಾಗಿ ನಕ್ಷೆ ಮಾಡಿಸುವ ಅಗತ್ಯವಿಲ್ಲ, ಎಂಜಿನಿಯರ್ ಬೇಕಿಲ್ಲ. ಯಾರಿಗೂ ಹೇಳದೆ ರಾತ್ರೋರಾತ್ರಿ ಬರೆ ಕಡಿದರೆ ಬೇಗ ಮುಗಿಯುತ್ತದೆ. ಹಕ್ಕಿನ ಪ್ರಶ್ನೆಯನ್ನು ಅಷ್ಟು ಕಠಿಣ ಮಾಡಿದ್ದರಿಂದ ಸುರಕ್ಷತೆಯ ಪ್ರಶ್ನೆ ಕೇಳುವ ಒಂದೇ ಒಂದು ಸಂದರ್ಭವೂ ನಮ್ಮ ಕೈತಪ್ಪಿತು. ನನ್ನ ಮುಖ್ಯ ತಕರಾರು ಇದೇ.

ಬರೆ ಯಾಕೆ ಜಾರುತ್ತದೆ

2018ರ ಆಗಸ್ಟ್ ನಡುವಿನ ಭೂಕುಸಿತದ ಆ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಹೆಬ್ಬೆಟ್ಟಗೇರಿ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಎಂದು ಹೆಸರು ಹೇಳುವಾಗಲೇ ಗಂಟಲು ಕಟ್ಟುತ್ತದೆ. ಮಡಿಕೇರಿ ಪೇಟೆಯೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಮನೆಗಳು ಹೋದವು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಮಳೆ ಅಸಾಧಾರಣವಾಗಿತ್ತು, ಅದು ನಿಜ. ಆದರೆ 2018ರ ಕುಸಿತಗಳನ್ನು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದದ್ದನ್ನು ಕಾರಣಗಳಲ್ಲಿ ಒಂದಾಗಿ ಹೇಳಿತು.

ಕೆಲಸ ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯಲು ಭೂವಿಜ್ಞಾನ ಓದಬೇಕಿಲ್ಲ. ನಮ್ಮ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಶತಮಾನಗಳಿಂದ ಶಿಥಿಲಗೊಂಡ ಕೆಂಪು ಮಣ್ಣಿನ ದಪ್ಪ ಹೊದಿಕೆಯಿದೆ. ಬೇಸಿಗೆಯಲ್ಲಿ ಪಿಕಾಸಿಗೂ ಬಗ್ಗದ ಗಟ್ಟಿ ಮಣ್ಣು ಅದು. ಅಗೆದು ನಿಲ್ಲಿಸಿದರೆ ಗೋಡೆಯ ಹಾಗೆ ನೇರ ನಿಲ್ಲುತ್ತದೆ. ಮೋಸ ಇರುವುದು ಅಲ್ಲೇ. ಮಳೆ ಹಿಡಿದು ವಾರಗಟ್ಟಲೆ ನೀರು ಇಂಗಿದಾಗ ಮಣ್ಣಿನ ತೂಕ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಮಣ್ಣು ಬಂಡೆಯನ್ನು ಮುಟ್ಟುವ ಜಾಗದಲ್ಲಿ ನೀರು ಹರಿಯಲು ದಾರಿ ಹುಡುಕುತ್ತದೆ. ಅಷ್ಟು ಹೊತ್ತಿಗೆ ಗುಡ್ಡವನ್ನು ತಾಂಗಿ ಹಿಡಿದಿದ್ದ ಬುಡವನ್ನು ನಾವು ಮನೆಯ ತಟ್ಟಿಗಾಗಿ ತೆಗೆದಿರುತ್ತೇವೆ. ತೆಗೆದ ಮಣ್ಣನ್ನು ಕೆಳಗಿನ ಅಂಚಿಗೆ ಹಾಕಿ ಅಂಗಳ ಮಾಡಿರುತ್ತೇವೆ, ಅದು ಕೂರದ ಮಣ್ಣು. ಮನೆಯ ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿದ ನೆಲದ ಮೇಲೆ. ಎರಡು ಮಳೆಗಾಲದಲ್ಲಿ ಗೋಡೆಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಮೇಸ್ತ್ರಿಯನ್ನು ಬೈಯುತ್ತೇವೆ.

ತಡೆಗೋಡೆ ಕಟ್ಟಿದರೆ ಸಾಕೇ ಎಂದರೆ, ನೀರು ಹೊರಬರುವ ತೂತುಗಳಿಲ್ಲದ ಗೋಡೆ ಅಣೆಕಟ್ಟಿನಂತೆ ಆಗುತ್ತದೆ. ಹಿಂದೆ ನೀರು ನಿಂತು ಗೋಡೆಯನ್ನೇ ತಳ್ಳುತ್ತದೆ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ ಪಕ್ಕದ ದೊಡ್ಡ ತಡೆಗೋಡೆಯೇ 2022ರ ಮಳೆಯಲ್ಲಿ ಉಬ್ಬಿ, ಕೆಳಗಿನ ಮಂಗಳೂರು ರಸ್ತೆಯಲ್ಲಿ ಓಡಾಡುವವರ ಎದೆ ನಡುಗಿಸಿತ್ತು. ಅಷ್ಟು ದುಡ್ಡು, ಅಷ್ಟು ಎಂಜಿನಿಯರುಗಳಿದ್ದ ಕಡೆಯೇ ಮಣ್ಣು ಹಾಗೆ ತಳ್ಳಿದರೆ, ಸೈಜುಗಲ್ಲು ಒಟ್ಟಿ ನಿಲ್ಲಿಸಿದ ಐದಡಿ ಗೋಡೆಯನ್ನು ನಂಬಿ ಮಕ್ಕಳನ್ನು ಮಲಗಿಸುವವರ ಪಾಡೇನು?

ಹಿಂದಿನವರು ಇದನ್ನು ಬಲ್ಲವರು. ಒಕ್ಕಗಳ ಮೂಲಮನೆಗಳಾದ ಐನ್‌ಮನೆಗಳನ್ನು ನೋಡಿ: ಗದ್ದೆಯ ಮಟ್ಟಕ್ಕಿಂತ ತುಸು ಎತ್ತರದಲ್ಲಿ, ಬಾಣೆಯ ಕಡಿದಾದ ಏರು ಶುರುವಾಗುವ ಮೊದಲು, ತಾನಾಗಿಯೇ ಸಮವಿರುವ ದಿಣ್ಣೆಯಲ್ಲಿ ನಿಂತಿರುತ್ತವೆ. ಬೆಟ್ಟವನ್ನು ಅಗೆದು ಜಾಗ ಮಾಡಲು ಅವರ ಹತ್ತಿರ ಯಂತ್ರವೂ ಇರಲಿಲ್ಲ, ಗುಡ್ಡದ ತುದಿಯಿಂದ ಮಂಜು ನೋಡುವ ಕೋಣೆ ಬಾಡಿಗೆಗೆ ಬೇಕಾಗಿಯೂ ಇರಲಿಲ್ಲ. ಇಂದು ಮನೆಯ ಹೆಸರಿನ ಪರವಾನಗಿಯಲ್ಲೇ ಹೋಮ್‌ಸ್ಟೇಗಳು ಏಳುತ್ತಿವೆ. ಮನೆಯವರೇ ಇದ್ದು ಕೆಲವು ಕೋಣೆ ಕೊಡುವವರ ಬಗ್ಗೆ ನನಗೆ ಬೇಸರವಿಲ್ಲ, ಕಾಫಿ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಎಷ್ಟೋ ಸಂಸಾರಗಳನ್ನು ಉಳಿಸಿದ್ದು ಅದೇ. ಆದರೆ ನೋಟಕ್ಕಾಗಿ ಅತಿ ಕಡಿದಾದ ಅಂಚನ್ನೇ ಆರಿಸಿ ಹತ್ತು ಕೋಣೆ ಕಟ್ಟುವುದನ್ನು ವಾಸದ ಮನೆ ಎಂದು ಪರವಾನಗಿಯಲ್ಲಿ ಬರೆದರೆ ಅದು ಕೆಳಗಿನ ಮನೆಯವರಿಗೆ ಮಾಡುವ ದ್ರೋಹ.

ನಕ್ಷೆಯಲ್ಲಿ ಕಾಣದ ಹತ್ತು ಸೆಂಟ್

ಭೂಕುಸಿತ ಸಾಧ್ಯತೆಯ ನಕ್ಷೆಗಳಿವೆಯಲ್ಲ, ಅದರಂತೆ ಕೆಂಪು ಬಣ್ಣದ ಕಡೆ ಅನುಮತಿ ನಿಲ್ಲಿಸಿ, ಉಳಿದ ಕಡೆ ಕೊಡಿ ಎನ್ನುವವರಿದ್ದಾರೆ. ಒಪ್ಪಲು ಸುಲಭವಾದ ಮಾತು. ಆದರೆ ಸರ್ವೇಕ್ಷಣಾ ಸಂಸ್ಥೆ ದೇಶಕ್ಕೆಲ್ಲ ತಯಾರಿಸಿದ ಆ ನಕ್ಷೆಗಳ ಅಳತೆ 1:50,000. ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. 30 ಅಡಿ 40 ಅಡಿಯ ನಿವೇಶನ ಆ ಹಾಳೆಯಲ್ಲಿ ಪೆನ್ಸಿಲ್ ಮೊನೆ ಇಟ್ಟಷ್ಟೂ ಆಗುವುದಿಲ್ಲ. ಒಂದೇ ಬಣ್ಣದೊಳಗೆ ಸುಭದ್ರ ದಿಣ್ಣೆಯೂ ಇರುತ್ತದೆ, ಒರತೆ ಒಡೆಯುವ ಕೊಲ್ಲಿಯ ಬಾಯಿಯೂ ಇರುತ್ತದೆ. ಆ ನಕ್ಷೆ ಯಾವ ಊರಿಗೆ ಮೊದಲು ಹೋಗಿ ನೋಡಬೇಕು ಎಂದು ಹೇಳಬಲ್ಲದು. ಹೋಗಿ ನೋಡುವ ಕೆಲಸ ಮನುಷ್ಯರೇ ಮಾಡಬೇಕು.

ಇದೇ ಜಾಗದಲ್ಲಿ ಇನ್ನೊಂದು ಭಯವನ್ನೂ ತಿಳಿಯಾಗಿಸಬೇಕು. ಪಶ್ಚಿಮ ಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿಯ ಪರಿಸರ ಸೂಕ್ಷ್ಮ ಪ್ರದೇಶ ಬಂದರೆ ಮನೆಯನ್ನೇ ಕಟ್ಟುವಂತಿಲ್ಲ ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. 2024ರ ಜುಲೈ ಕೊನೆಯಲ್ಲಿ ಹೊರಬಂದ ಕರಡು ಅಧಿಸೂಚನೆ ಕಟ್ಟಡಗಳ ವಿಷಯದಲ್ಲಿ ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣಗಳನ್ನು, ಭಾರೀ ಟೌನ್‌ಶಿಪ್‌ಗಳನ್ನು. ಸಾವಿರ ಚದರ ಅಡಿಯ ಮನೆ ಅದರ ಬಲೆಗೆ ಬೀಳುವುದಿಲ್ಲ. ಆ ಮನೆಯ ಹಿಂದಿನ ಇಪ್ಪತ್ತಡಿ ಬರೆಯೂ ಬೀಳುವುದಿಲ್ಲ ಎಂಬುದು ನನಗೆ ಹೆಚ್ಚು ಚಿಂತೆಯ ವಿಷಯ.

ಹಾಗಾದರೆ ನೋಡುವವರು ಯಾರು? ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಎಂಜಿನಿಯರ್ ಅಲ್ಲ. ಉದ್ಯೋಗ ಖಾತರಿ, ಕುಡಿಯುವ ನೀರು, ಕಸ, ತೆರಿಗೆ ಎಲ್ಲ ಅವರ ತಲೆಯ ಮೇಲಿದೆ. ಪೇಟೆಯಲ್ಲಿ ಕಟ್ಟಡದ ಉಪವಿಧಿಗಳಿವೆ: ಎಷ್ಟು ಅಡಿ ಬಿಡಬೇಕು, ಎಷ್ಟು ಎತ್ತರ ಹೋಗಬಹುದು. ಅವು ಸಮತಟ್ಟು ನಿವೇಶನವನ್ನು ಮನಸ್ಸಿನಲ್ಲಿಟ್ಟು ಬರೆದವು. ಪಕ್ಕದ ಮನೆಗೆ ಮೂರು ಅಡಿ ಬಿಟ್ಟೆಯಾ ಎಂದು ಅಳೆಯುತ್ತವೆ, ಮೇಲಿನ ಮನೆಯ ಕೆಳಗೆ ಎಷ್ಟು ಅಡಿ ಅಗೆದೆ ಎಂದು ಅಳೆಯುವುದಿಲ್ಲ.

ಈಗ ಬಿಗಿಯಾದದ್ದು

ಇಷ್ಟು ದಿನ ಪರವಾನಗಿ ಇಲ್ಲದೆಯೂ ಬದುಕು ಹೇಗೋ ಸಾಗುತ್ತಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ನಿರ್ದೇಶನ ಕೊಟ್ಟಿತು: ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರು ಕೊಡಬೇಕು, ಬ್ಯಾಂಕುಗಳೂ ಆ ಪತ್ರ ನೋಡಬೇಕು, ಮಂಜೂರಾದ ನಕ್ಷೆಯನ್ನು ಕೆಲಸದ ಜಾಗದಲ್ಲಿ ತೂಗುಹಾಕಬೇಕು. 2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಇದನ್ನು ಜಾರಿಗೆ ತಂದಾಗ ಚೆಸ್ಕ್ ಕಚೇರಿಯ ಮುಂದೆ ನಿಂತವರಲ್ಲಿ ನಿಯಮ ಮುರಿದ ಬಿಲ್ಡರ್‌ಗಳಿಗಿಂತ, ಪಹಣಿ ಪಾಲಾಗದ ಅಂಥ ತಮ್ಮಂದಿರೇ ಹೆಚ್ಚು ಕಂಡರು. ಆಮೇಲೆ ಸರ್ಕಾರ 1200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಡಲು ನಿರ್ಧರಿಸಿತು. ಬಡವರಿಗೆ ಉಸಿರಾಡಲು ಬಿಟ್ಟ ತೀರ್ಮಾನ ಅದು, ಸ್ವಾಗತಿಸುತ್ತೇನೆ. ಆದರೆ ಮಡಿಕೇರಿಯಲ್ಲಿ ಅತಿ ಕಡಿದಾದ ಜಾಗದಲ್ಲಿರುವುದು ಅತಿ ಸಣ್ಣ ಮನೆಗಳೇ. ನಿವೇಶನದ ಅಳತೆ ನೋಡಿ ಬಿಟ್ಟುಬಿಟ್ಟರೆ ಇಳಿಜಾರಿನ ಅಳತೆ ಇನ್ನೊಮ್ಮೆ ಹಿಂದೆ ಬೀಳುತ್ತದೆ.

ಆ ಸಣ್ಣ ಮನೆಗಳವರಿಗೆ ಬೇರೆ ಜಾಗ ಎಲ್ಲಿತ್ತು? ಲೈನ್‌ಮನೆಯಿಂದ ಹೊರಬಿದ್ದ ತೋಟದ ಕಾರ್ಮಿಕರು, ಆದಿವಾಸಿ ಹಾಡಿಗಳ ಜನ, ಪೇಟೆಯ ಕೂಲಿಯವರು ಪೈಸಾರಿ ಎನ್ನುವ ಸರ್ಕಾರಿ ಜಾಗದ ಅಂಚಿನಲ್ಲಿ ಶೀಟು ಹೊದಿಸಿ ಕುಳಿತರು. ವಿರಾಜಪೇಟೆಯ ಮಲೆತಿರಿಕೆ ಬೆಟ್ಟದ ಕೆಳಗಿನವರು ಪ್ರತಿ ಜುಲೈನಲ್ಲಿ ಗಂಟುಮೂಟೆ ಕಟ್ಟುವ ಭಯದಲ್ಲಿರುತ್ತಾರೆ. ಸರ್ಕಾರಿ ಜಾಗದಲ್ಲಿನ ಮನೆಗಳನ್ನು ಸಕ್ರಮ ಮಾಡುವ 94-ಸಿ, 94-ಸಿಸಿ ಅಡಿಯಲ್ಲಿ ಹಕ್ಕುಪತ್ರ ಕೊಡುವಾಗಲೂ ಅವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ನೋಡುತ್ತೇವೆ. ಇನ್ನೆಷ್ಟು ಮಳೆಗಾಲ ಆ ಜಾಗ ಇರುತ್ತದೆ ಎಂದು ನೋಡುವುದಿಲ್ಲ. 2018ರ ಸಂತ್ರಸ್ತರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ತಲಾ ಸುಮಾರು 9.85 ಲಕ್ಷ ರೂಪಾಯಿಯ ಮನೆ ಕಟ್ಟಿಕೊಡಲಾಯಿತು. ಒಬ್ಬ ಎಂಜಿನಿಯರ್ ಒಂದು ಜಾಗಕ್ಕೆ ಹೋಗಿ ಅರ್ಧ ದಿನ ನಿಂತು ಬರುವ ಖರ್ಚನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.

ನಾನು ಕೇಳುವುದು ದೊಡ್ಡ ಕಾಯ್ದೆಯಲ್ಲ. ಹಕ್ಕು ಮತ್ತು ಸುರಕ್ಷತೆಯ ಕಡತಗಳು ಬೇರೆಬೇರೆಯಾಗಲಿ. ಪಹಣಿ ತಕರಾರು ಮುಗಿಯದಿದ್ದರೂ ಮಣ್ಣಿನ ಕೆಲಸದ ಪರಿಶೀಲನೆಗೆ ಯಾರೂ ಅರ್ಜಿ ಹಾಕುವಂತಿರಲಿ, ಹಾಕಿದ್ದಕ್ಕೆ ದಂಡ ಬೀಳದಿರಲಿ. ಒಂದೇ ಪುಟ ಸಾಕು: ಎಷ್ಟು ಅಡಿ ಕಡಿಯುತ್ತೀರಿ, ಮೆಟ್ಟಿಲು ಮೆಟ್ಟಿಲಾಗಿಯೋ ನೇರವೋ, ತೆಗೆದ ಮಣ್ಣು ಎಲ್ಲಿಗೆ, ಚಾವಣಿಯ ನೀರು ಯಾವ ತೋಡಿಗೆ, ಕೊಲ್ಲಿಯಿಂದ ಎಷ್ಟು ದೂರ, ಮೇಲೆ ಯಾರ ಮನೆ, ಕೆಳಗೆ ಯಾರ ಮನೆ. ಕುಶಾಲನಗರ, ಗೋಣಿಕೊಪ್ಪದ ಕಡೆ ಗದ್ದೆಗೆ ಮಣ್ಣು ತುಂಬಿ ಕಟ್ಟುವವರಿಗೆ ಕೊನೆಯ ಪ್ರಶ್ನೆ ಬೇರೆ: ಗದ್ದೆಯಲ್ಲಿ ನಿಲ್ಲುತ್ತಿದ್ದ ನೀರು ಇನ್ನು ಯಾರ ಅಂಗಳದಲ್ಲಿ ನಿಲ್ಲುತ್ತದೆ? ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ ವರ್ಷಗಳ ನೀರಿನ ಗುರುತು ಕೆಲವು ಗೋಡೆಗಳ ಮೇಲೆ ಇನ್ನೂ ಇದೆ.

ಪರಿಶೀಲನೆಯ ಕಾಲವೂ ಬದಲಾಗಬೇಕು. ಈಗ ಸ್ಥಳ ನೋಡಲು ಯಾರಾದರೂ ಬಂದರೆ ಜನವರಿ, ಫೆಬ್ರವರಿಯಲ್ಲಿ ಬರುತ್ತಾರೆ. ನೆಲ ಒಣಗಿ ಗಟ್ಟಿಯಾಗಿ, ಯಾವ ಗುಟ್ಟನ್ನೂ ಬಿಟ್ಟುಕೊಡದ ಕಾಲ ಅದು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಬಂದು ನೋಡಿದರೆ ಕುರುಡರಿಗೂ ತಿಳಿಯುತ್ತದೆ: ಒರತೆ ಎಲ್ಲಿ ಒಡೆದಿದೆ, ಎಲ್ಲಿ ಕಾಲಿಟ್ಟರೆ ಮಣ್ಣು ಜಗ್ಗುತ್ತದೆ, ಯಾವ ಮರ ಕಳೆದ ವರ್ಷಕ್ಕಿಂತ ಓರೆಯಾಗಿದೆ. ಮಳೆಗಾಲದಲ್ಲಿ ಮಣ್ಣು ಅಗೆಯುವುದಕ್ಕೆ ಜಿಲ್ಲಾಡಳಿತ ತಡೆ ಹಾಕುತ್ತದೆ, ಅದು ಸರಿ. ಯಂತ್ರಗಳು ನಿಂತಿರುವ ಆ ಮೂರು ತಿಂಗಳನ್ನೇ ಕಡತಗಳ ಕಾಲ ಮಾಡಿದರೆ, ಪುತ್ತರಿಯ ಹೊತ್ತಿಗೆ ಕಾಗದ ಕೈಯಲ್ಲಿರುತ್ತದೆ, ಮೇ ತಿಂಗಳೊಳಗೆ ತಡೆಗೋಡೆ ನಿಂತಿರುತ್ತದೆ.

ನಮ್ಮ ಮನೆಯ ಪಕ್ಕದ ಜಾಗದಲ್ಲಿ ಈಗ ಅಳತೆಯ ಗೂಟ ನೆಟ್ಟಿದ್ದಾರೆ. ಮೇಲಿನ ಎಡ ಮೂಲೆಯ ಗೂಟ ಇರುವಲ್ಲಿಯೇ ಕಳೆದ ಆಗಸ್ಟ್‌ನಲ್ಲಿ ಕೆಸರು ನೀರು ಚಿಮ್ಮಿದ್ದನ್ನು ನಾನು ಕಂಡಿದ್ದೆ, ಫೋಟೊ ಕೂಡ ತೆಗೆದಿದ್ದೆ. ಆ ಮನೆಯವರನ್ನು ಕರೆದು ತೋರಿಸಿದೆ. ಅರ್ಜಿಯಲ್ಲಿ ಅದನ್ನು ಬರೆಯುವ ಕಲಂ ಇಲ್ಲ. ಆದ್ದರಿಂದ ಬೇರೆ ಬಿಳಿ ಹಾಳೆಯ ಮೇಲೆ ಇಬ್ಬರೂ ಕೂತು ಬರೆದು, ಫೋಟೊ ಅಂಟಿಸಿ, ಮನೆಯನ್ನು ಹದಿನೈದು ಅಡಿ ಕೆಳಕ್ಕೆ ಸರಿಸಿದ ಹೊಸ ನಕ್ಷೆಯೊಡನೆ ಪಂಚಾಯಿತಿಗೆ ಕೊಟ್ಟೆವು. ಸ್ವೀಕೃತಿ ಹಾಕಿಸಿಕೊಂಡು ಬಂದಿದ್ದೇವೆ.